ಏಪ್ರಿಲ್‌ನಲ್ಲಿ ಹಿಮಾಲಯ ಚಾರಣ: ಹಿಮಕುಸಿತದ ಭಯ ಮುಗಿದಿರುತ್ತದೆಯೇ?

ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ ಹಿಮಾಚಲದ ಬೆಟ್ಟಗಳೂ ಸುರಕ್ಷಿತವಾಗಿರುತ್ತವೆಯೇ ಎಂದು ಕೇಳಿದ್ದೀರಿ. ಇಲ್ಲ, ಅಪಾಯದ ಬಗೆ ಮಾತ್ರ ಬದಲಾಗಿರುತ್ತದೆ.

ಚಳಿಗಾಲದಲ್ಲಿ ಹೆಚ್ಚಾಗಿ ಹೊಸ ಹಿಮದ ಭಾರಕ್ಕೆ ಪದರ ಜಾರುತ್ತದೆ. ವಸಂತದಲ್ಲಿ ಬಿಸಿಲಿಗೆ ಕರಗಿದ ನೀರು ಒಳಗಿಳಿದು ಹಿಮಕಣಗಳ ಹಿಡಿತ ಸಡಿಲಿಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಹುಷಾರಾಗಿರಿ. ಒದ್ದೆ ಹಿಮ ನಿಧಾನವಾಗಿ ಬಂದರೂ ಬಲು ಭಾರ. ನಿಂತ ಕೂಡಲೇ ಬಿಗಿಯುತ್ತದೆ, ಹೂತವರಿಗೆ ಕೈ ಅಲ್ಲಾಡಿಸಲೂ ಆಗದು. 15 ನಿಮಿಷ ದಾಟಿದರೆ ಬದುಕುವ ಸಾಧ್ಯತೆ ಬೇಗ ಕುಸಿಯುತ್ತದೆ.

ಹಿಂದಿನ ರಾತ್ರಿಯ ಆಕಾಶ ನೋಡಿ. ಇದನ್ನು ನಮ್ಮ ಕಡೆಯಿಂದ ಹೋಗುವವರು ಗಮನಿಸುವುದು ಕಡಿಮೆ. ತಿಳಿಯಾಗಿದ್ದರೆ ಹಿಮ ಮರಳಿ ಹೆಪ್ಪುಗಟ್ಟಿ, ನಸುಕಿನಲ್ಲಿ ಬೂಟಿನಡಿ ಕರಕರ ಎನ್ನುತ್ತದೆ, ಆಗಲೇ ದಾಟಿ. ಮೋಡ ಕವಿದಿದ್ದರೆ ಹೆಪ್ಪುಗಟ್ಟುವುದು ಅನುಮಾನ. ಕಾಲು ಮೊಣಕಾಲವರೆಗೆ ಹೂತರೆ, ಮೇಲಿಂದ ಹಿಮದುಂಡೆಗಳು ತಾವಾಗಿ ಉರುಳತೊಡಗಿದರೆ ಹಿಂತಿರುಗಿ ಬನ್ನಿ, ಗೈಡ್ ಏನೇ ಅಂದರೂ. ಪೂರ್ವದ ಇಳಿಜಾರಿಗೆ ಬಿಸಿಲು ಮೊದಲು ಬೀಳುತ್ತದೆ, ಹಾಗಾಗಿ ಅಲ್ಲಿ ಹಿಮ ಬೇಗ ಸಡಿಲವಾಗುತ್ತದೆ. ಹೊರಡುವ ಮುನ್ನ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಚಂಡೀಗಢದಲ್ಲಿರುವ ಪ್ರಯೋಗಾಲಯ ಡಿಜಿಆರ್‌ಇ ನೀಡುವ ಹಿಮಕುಸಿತ ಮುನ್ಸೂಚನೆ ಓದಿ.