ಕಾಫಿ ಗಿಡದ ಊರುಗೋಲು ಅಪ್ಪಂಗೆ ಆಗುತ್ತಾ?

ಪ್ರಶ್ನೆ: ಅಪ್ಪಂಗೆ 68 ವರ್ಷ, ಬಲಮಂಡಿ ನೋವು, ಆದ್ರೂ ಈ ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತೇ ಹತ್ತುತೀನಿ ಅಂತ ಹಟ ಹಿಡಿದು ಕೂತಿದಾರೆ. ಹೋದ ವರ್ಷ ತೋಟದಲ್ಲಿ ಕಿತ್ತ ಹಳೇ ಅರೇಬಿಕಾ ಗಿಡದ ಕಾಂಡಗಳು ಶೆಡ್ಡಲ್ಲಿ ಬಿದ್ದಿವೆ, ಅದ್ರಲ್ಲೇ ಒಂದು ಊರುಗೋಲು ಮಾಡಿಸ್ಬಹುದಾ? ನಂಗೂ ಟ್ರೆಕ್ಕಿಂಗಿಗೆ ಒಂದು ಬೇಕು, ಅದೇ ಅಳತೆ ಸಾಕಾ?
— ಮೂಡಿಗೆರೆ ಕಡೆಯ ಓದುಗರು

ಉತ್ತರ: ಮಾಡಿಸ್ಬಹುದು. ಕಾಫಿ ಮರ ಗಟ್ಟಿ, ಸೊಟ್ಟಪಟ್ಟ ಇದ್ರೂ ಪಾಲಿಶ್ ಕೊಟ್ರೆ ಆ ಗಂಟುಗಳೇ ಚಂದ ಕಾಣ್ತವೆ. ಆದ್ರೆ ಆ ಗಿಡ ಕಿತ್ತಿದ್ದು ಯಾಕೆ ಹೇಳಿ? ಬಿಳಿ ಕಾಂಡಕೊರಕ ಬಿದ್ದು ಕಿತ್ತಿದ್ರೆ ಮುಟ್ಲೇಬೇಡಿ, ಹುಳ ಒಳಗೊಳಗೇ ಸುರಂಗ ಕೊರೆದಿರುತ್ತೆ, ಹೊರಗೆ ತೊಗಟೆ ಮೇಲೆ ಒಂದಷ್ಟು ಉಬ್ಬಿದ ಗೆರೆ ಬಿಟ್ರೆ ಏನೂ ಕಾಣಲ್ಲ, ಅಪ್ಪ ಇಳಿಜಾರಲ್ಲಿ ಪೂರ್ತಿ ಭಾರ ಬಿಟ್ಟಾಗಲೇ ಅದು ಕೈಕೊಡೋದು. ಅಂಥ ಕಾಂಡ ಶೆಡ್ಡಲ್ಲಿ ಇಡೋದೂ ತಪ್ಪು, ಒಳಗಿನ ಹುಳ ದುಂಬಿಯಾಗಿ ಹೊರಬಂದು ನಿಮ್ ತೋಟಕ್ಕೇ ವಾಪಸ್ ಹೋಗುತ್ತೆ, ಸುಟ್ಟುಬಿಡಿ.

ಬರೀ ವಯಸ್ಸಾಯ್ತು ಅಂತ ಕಿತ್ತ ಗಿಡ ಆದ್ರೆ ಸರಿ. ಸುಮಾರು ಒಂದಿಂಚು ದಪ್ಪದ್ದು, ನೆರಳಲ್ಲಿ ಒಣಗಿದ್ದು, ಎಳೆ ಮೇಲಿಂದ ಕೆಳಗಿನ ತನಕ ಓಡಿರೋದು ನೋಡಿ ತಗೊಳಿ. ಎಳೆ ಅಡ್ಡ ತಿರುಗಿ ಹೊರಗೆ ಹೋದ ಕಡೆಯಲ್ಲೇ ಕೋಲು ಮುರಿಯೋದು.

ಮರಕ್ಕಿಂತ ಅಳತೆ ಮುಖ್ಯ ಕಣ್ರಿ. ನಮ್ಮ ಮಾವಂಗೆ ಜಾತ್ರೇಲಿ ಕಣ್ಣಂದಾಜಲ್ಲಿ ಬೆತ್ತ ತಂದ್ವಿ, ಎರಡಿಂಚು ಉದ್ದ ಆಗಿ ಮಂಡಿ ನೋವಿನ ಜೊತೆ ಭುಜದ ನೋವೂ ಶುರುವಾಯ್ತು. ಅಪ್ಪನ್ನ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತೋ ಅಲ್ಲಿಗೆ ಹಿಡಿ ಬರ್ಬೇಕು. ಚಪ್ಪಲಿ ಹಾಕ್ಕೊಂಡೇ ಅಳೀಬೇಕು, ದೇವೀರಮ್ಮನ ಬೆಟ್ಟ ಬರಿಗಾಲಲ್ಲಿ ಹತ್ತೋದಾದ್ರೆ ಬರಿಗಾಲಲ್ಲೇ ಅಳೆಯಿರಿ. ನೋವು ಬಲಮಂಡೀಲಿ ಅಂದ್ರೆ ಕೋಲು ಎಡಗೈಲಿರ್ಬೇಕು, ಎಲ್ರೂ ತಪ್ಪೋದು ಇಲ್ಲೇ. ಹತ್ತುವಾಗ ಮೊದ್ಲು ಗಟ್ಟಿ ಕಾಲು, ಇಳಿಯುವಾಗ ಮೊದ್ಲು ಕೋಲು, ಆಮೇಲೆ ನೋವಿನ ಕಾಲು, ಕೊನೆಗೆ ಗಟ್ಟಿ ಕಾಲು. ಬೆಟ್ಟಕ್ಕೆ ಮುಂಚೆ ಡಾಕ್ಟರ್ ಹತ್ರ ಒಂದ್ಸಲ ಕೇಳಿ, ಮಳೆ ಬಂದ್ರೆ ಅಲ್ಲಿ ಗಟ್ಟಿ ಕಾಲಿನೋರೇ ಜಾರ್ತಾರೆ.

ನಿಮಗೆ ಆ ಅಳತೆ ಸಾಲಲ್ಲ. ಸರ್ಪದಾರಿ ಕಡೆಯಿಂದ 1930 ಮೀಟರಿನ ಮುಳ್ಳಯ್ಯನಗಿರಿ ಹತ್ತಿ ಇಳಿಯೋರಿಗೆ ಕಂಕುಳ ಎತ್ತರದ ಕೋಲು ಬೇಕು, ಹತ್ತುವಾಗ ಕೈ ಕೆಳಗೆ ಹಿಡ್ಕೊಂಡು, ಇಳಿಯುವಾಗ ಮೇಲಕ್ಕೆ ಸರಿಸ್ಕೊಳ್ಳೋದು. ಅಷ್ಟುದ್ದಕ್ಕೆ ಕಾಫಿ ಮರ ಭಾರ, ನೆಟ್ಟಗೂ ಸಿಗಲ್ಲ. ಗೆಣ್ಣು ಹತ್ತಿರ ಹತ್ತಿರ ಇರೋ ಗಟ್ಟಿ ಬಿದಿರೇ ಸಾಕು, ಗೆಣ್ಣಿನ ಸ್ವಲ್ಪ ಕೆಳಗೆ ಕೊಯ್ಸಿ, ಇಲ್ದಿದ್ರೆ ತುದಿ ಸೀಳುತ್ತೆ. ಒನಕೆಗೆ ಹಾಕೋ ಥರ ಕಬ್ಬಿಣದ ಅಣಸು ಹಾಕಿಸಿದ್ರೆ ಮಣ್ಣಲ್ಲಿ ಚೆನ್ನಾಗಿ ಊರುತ್ತೆ, ಬಂಡೆ ಮೇಲೆ ಮಾತ್ರ ಜಾರುತ್ತೆ. ಅಪ್ಪನ ಕೋಲಿಗೆ ರಬ್ಬರ್ ಬುಷ್ಷೇ ಹಾಕಿ, ಅಡಿ ಸವೆದು ನುಣ್ಣಗಾದ ತಕ್ಷಣ ಬದಲಾಯಿಸಿ.