ಏಕಾಂಕ ಸ್ಪರ್ಧೆಯಲ್ಲಿ ತೀರ್ಪುಗಾರರು ನೋಡುವುದೇನು?

ರಂಗಸಜ್ಜಿಕೆ ಭರ್ಜರಿಯಾಗಿದ್ದರೆ ಬಹುಮಾನ ಖಚಿತವೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಏಕಾಂಕ ನಾಟಕಕ್ಕೆ ಸಿಗುವುದು 30 ನಿಮಿಷ. ಸಜ್ಜಿಕೆ ಕಟ್ಟಿ, ಬಿಚ್ಚಿ, ವೇದಿಕೆ ತೆರವು ಮಾಡಲು 10 ನಿಮಿಷ ಅಷ್ಟೇ. ವಸ್ತು, ಅಭಿನಯ, ರಂಗತಂತ್ರ, ವಿನ್ಯಾಸ, ಒಟ್ಟು ಪರಿಣಾಮ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಪಳಗಿದ ತೀರ್ಪುಗಾರರ ಕಣ್ಣು, ನನ್ನ ಪ್ರಕಾರ, ಮೂಲೆಯಲ್ಲಿ ಮಾತಿಲ್ಲದೆ ನಿಂತ ಹುಡುಗನ ಮೇಲಿರುತ್ತದೆ. ನಾಯಕಿ ಅಳುವಾಗ ಅವನು ನಿಜಕ್ಕೂ ಕೇಳಿಸಿಕೊಳ್ಳುತ್ತಿದ್ದಾನೆಯೇ, ಅಥವಾ ತನ್ನ ಸಂಭಾಷಣೆಯ ಸರದಿಗೆ ಕಾಯುತ್ತಿದ್ದಾನೆಯೇ? ತಾಲೀಮಿನ ಬಂಡವಾಳ ಬಯಲಾಗುವುದು ಅಲ್ಲೇ. (ಕಿರುಚುವುದನ್ನೇ ಅಭಿನಯವೆಂದುಕೊಂಡವರಿಗೆ ಚಪ್ಪಾಳೆ ಸಿಗುತ್ತದೆ, ಅಂಕ ಸಿಗುವುದಿಲ್ಲ.) ಫಲಿತಾಂಶದ ನಂತರ ಮುನಿಸಿಕೊಂಡು ಬಸ್ ಹತ್ತಬೇಡಿ; ತೀರ್ಪುಗಾರರ ಬಳಿ ಹೋಗಿ ಎಡವಿದ್ದೆಲ್ಲಿ ಎಂದು ಕೇಳಿ. ಬಹುತೇಕರು ಬಿಡಿಸಿ ಹೇಳುತ್ತಾರೆ.