ರೇಡಾರ್ ಲೇಖನ ಕಳುಹಿಸಿದ ಹುಮನಾಬಾದಿನ ಲೇಖಕರಿಗೆ

ಪ್ರಿಯ ಲೇಖಕರಿಗೆ ಶರಣು.

ಆಧುನಿಕ ಯುದ್ಧವಿಮಾನಗಳ ರೇಡಾರ್ ಸಾಮರ್ಥ್ಯವನ್ನು ಹೋಲಿಸಿ ನೀವು ಬರೆದ ಲೇಖನ ಕಲಬುರಗಿಯ ನಮ್ಮ ಕಚೇರಿಗೆ ತಲುಪಿದೆ. ಎರಡು ಸಲ ಓದಿದ್ದೇನೆ, ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಹದಿನಾಲ್ಕು ಪುಟಗಳ ಒಳಗೆ ಪ್ರಕಟಿಸಲೇಬೇಕಾದ ಒಂದು ಲೇಖನ ಇದೆ ಎಂದು ನನಗೆ ಖಚಿತವಾಗಿ ಅನ್ನಿಸಿರುವುದರಿಂದ, ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಕೈತೊಳೆದುಕೊಳ್ಳದೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಪುಟದಿಂದಲೇ ಆರಂಭಿಸುತ್ತೇನೆ. ಬೀದರಿನ ಕಡೆಯಿಂದ ಬಂದ ಹಾಕ್ ವಿಮಾನವೊಂದು ನಿಮ್ಮ ಮಾಳಿಗೆಯ ಮೇಲೆ ಹಾದುಹೋದ ಬೆಳಗನ್ನು ನೀವು ಚೆನ್ನಾಗಿ ಬರೆದಿದ್ದೀರಿ. ಒಣಗಲು ಹಾಕಿದ ಸಂಡಿಗೆ ಕಾಯುತ್ತಿದ್ದ ನಿಮ್ಮ ಅಜ್ಜಿ ತಲೆಯೆತ್ತಿ ನೋಡಿದ್ದು, ಬರುವಾಗ ಚೂಪಾಗಿದ್ದ ಸದ್ದು ದಾಟಿದ ಕೂಡಲೇ ದಪ್ಪಗಾಗಿ ಇಳಿದದ್ದು ಎಲ್ಲವೂ ಕಣ್ಣಿಗೆ ಕಟ್ಟುತ್ತದೆ, ಕಿವಿಗೂ ಕೇಳುತ್ತದೆ. ಆದರೆ ಮುಂದಿನ ಸಾಲಿನಲ್ಲಿ 'ಆ ಕ್ಷಣದಲ್ಲಿ ಅದರ ಮೂತಿಯೊಳಗಿನ ರೇಡಾರ್ ಇಡೀ ಬೀದರ್ ಜಿಲ್ಲೆಯನ್ನು ಜಾಲಾಡುತ್ತಿತ್ತು' ಎಂದು ಬರೆದಿದ್ದೀರಿ. ಬೀದರ್ ವಾಯುನೆಲೆಯಲ್ಲಿ ಭಾವೀ ಫೈಟರ್ ಪೈಲಟ್‌ಗಳು ಹಾರಿಸುವ ಹಾಕ್ ಎಂಕೆ 132 ತರಬೇತಿ ವಿಮಾನದಲ್ಲಿ ರೇಡಾರ್ ಇಲ್ಲ. ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ್ ತಂಡ ಹಾರಿಸುವುದೂ ಅದೇ ವಿಮಾನ. ನಮ್ಮ ಓದುಗರಲ್ಲಿ ಬೀದರಿನವರು ಬಹಳ ಮಂದಿ ಇದ್ದಾರೆ, ವಾಯುನೆಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರೂ ಇದ್ದಾರೆ. ಮೊದಲ ಪ್ಯಾರಾದಲ್ಲೇ ಇಂಥ ತಪ್ಪು ಕಂಡರೆ ಅವರು ಮುಂದಿನ ಹದಿಮೂರು ಪುಟಗಳನ್ನು ನಂಬುವುದಿಲ್ಲ. ಅದೇ ಪುಟದಲ್ಲಿ ವಿಮಾನಗಳು ಯಾವ ಯಾವ ಹೊತ್ತಿಗೆ ಹಾರುತ್ತವೆ ಎಂದು ನೀವು ಗುರುತು ಹಾಕಿಕೊಂಡ ಸಮಯಗಳನ್ನೂ ಕೊಟ್ಟಿದ್ದೀರಿ. ಅವನ್ನು ತೆಗೆದುಬಿಡಿ, ವಾಯುನೆಲೆಯ ದಿನಚರಿಯನ್ನು ಪತ್ರಿಕೆಯಲ್ಲಿ ಅಚ್ಚು ಮಾಡುವುದು ತರವಲ್ಲ.

ಈಗ ಲೇಖನದ ಬೆನ್ನೆಲುಬು ಎಂದು ನೀವು ಭಾವಿಸಿರುವ ಕೋಷ್ಟಕಕ್ಕೆ ಬರೋಣ. ಹನ್ನೊಂದು ವಿಮಾನಗಳು, ಪ್ರತಿಯೊಂದರ ಎದುರು ಕಿಲೋಮೀಟರಿನಲ್ಲಿ ಒಂದು ಸಂಖ್ಯೆ, ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಇಳಿಯುವ ಕ್ರಮ, ಆ ಕ್ರಮವೇ ಕೊನೆಯಲ್ಲಿ ನಿಮ್ಮ ತೀರ್ಪು. ರಷ್ಯದ ಸು-35 ಅನ್ನು 400 ಕಿ.ಮೀ. ಎಂಬ ಸಂಖ್ಯೆಯ ಬಲದಿಂದ ಮೇಲಿಟ್ಟು, 'ಆದ್ದರಿಂದ ಅಮೆರಿಕದ ಎಫ್-22 ಅನ್ನು ಅದು 400 ಕಿ.ಮೀ. ದೂರದಿಂದಲೇ ಕಾಣಬಲ್ಲದು' ಎಂದು ಬರೆದಿದ್ದೀರಿ. ಎಫ್-22 ರೇಡಾರಿಗೆ ತೀರಾ ಚಿಕ್ಕದಾಗಿ ಕಾಣುವಂತೆ ರೂಪಿಸಿದ ವಿಮಾನ, ಈ 'ಆದ್ದರಿಂದ' ನಿಲ್ಲುವುದಿಲ್ಲ. ಆ ವಿಮಾನದ ಇರ್ಬಿಸ್-ಇ ರೇಡಾರಿಗೆ ತಯಾರಕರು ಹೇಳುವ 350ರಿಂದ 400 ಕಿ.ಮೀ. ಎಂಬ ಮಾತು, ರೇಡಾರಿಗೆ 3 ಚದರ ಮೀಟರ್ ಗಾತ್ರವಾಗಿ ಕಾಣುವ, ಎದುರಿನಿಂದ ಬರುತ್ತಿರುವ ವಿಮಾನಕ್ಕೆ, ಅದೂ ಆಕಾಶದ ಒಂದು ಕಿರಿದಾದ ತುಂಡಿನ ಮೇಲೆ ಶಕ್ತಿಯನ್ನೆಲ್ಲ ಸುರಿದು ಹುಡುಕಿದಾಗ ಮಾತ್ರ ಅನ್ವಯಿಸುತ್ತದೆ. ಅದೇ ತಯಾರಕರು 0.01 ಚದರ ಮೀಟರ್ ಗಾತ್ರವಾಗಿ ಕಾಣುವ ಗುರಿಗೆ ಕೊಟ್ಟಿರುವ ದೂರ 90 ಕಿ.ಮೀ. ಒಂದೇ ರೇಡಾರ್, ಒಂದೇ ಸಂಸ್ಥೆಯ ಮಾತು, ಸಂಖ್ಯೆ ಮಾತ್ರ ನಾಲ್ಕನೇ ಒಂದು ಪಾಲಿಗೆ ಇಳಿಯಿತು. ಯಾವ ಗಾತ್ರದ ಗುರಿ, ಎಷ್ಟು ಅಗಲದ ಆಕಾಶ, ನೂರು ಸಲ ನೋಡಿದರೆ ಎಷ್ಟು ಸಲ ಕಂಡೀತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಿಲೋಮೀಟರನ್ನು ಇನ್ನೊಂದು ಅಂಥದೇ ಕಿಲೋಮೀಟರಿನ ಪಕ್ಕ ಇಟ್ಟರೆ ಅದು ಹೋಲಿಕೆಯಾಗುವುದಿಲ್ಲ. ಕ್ವಿಂಟಲ್ ಲೆಕ್ಕದ ತೊಗರಿಯನ್ನೂ ಚೀಲದ ಲೆಕ್ಕದ ತೊಗರಿಯನ್ನೂ ಒಂದೇ ಸಾಲಿನಲ್ಲಿ ಕೂಡಿಸಿದಂತೆ ಆಗುತ್ತದೆ.

ಸಂಖ್ಯೆ ಹೀಗೆ ಏಕೆ ಇಳಿಯುತ್ತದೆ ಎಂಬುದೇ ನಿಮ್ಮ ವಿಷಯದ ಹೃದಯ, ಅದು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ರಾತ್ರಿ ಹಂದಿ ಕಾಯಲು ತೊಗರಿ ಹೊಲಕ್ಕೆ ಹೋದವರ ಕೈಯ ಬ್ಯಾಟರಿಯನ್ನು ನೆನೆಸಿಕೊಳ್ಳಿ. ಬೆಳಕು ಹೋಗುತ್ತಾ ಹರಡಿಕೊಳ್ಳುತ್ತದೆ, ಆದ್ದರಿಂದ ದೂರ ಎರಡು ಪಟ್ಟಾದರೆ ಗುರಿಯ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ. ಗುರಿಗೆ ತಾಗಿ ಮರಳುವ ಬೆಳಕೂ ಬರುತ್ತಾ ಮತ್ತೆ ಅದೇ ರೀತಿ ಹರಡುವುದರಿಂದ, ನಮ್ಮ ಕಣ್ಣಿಗೆ ದಕ್ಕುವುದು ಹದಿನಾರನೇ ಒಂದು ಪಾಲು. ರೇಡಾರಿನ ಪಾಡೂ ಇದೇ. ಅದರ ನೋಟವನ್ನು ಎರಡು ಪಟ್ಟು ದೂರಕ್ಕೆ ಹಿಗ್ಗಿಸಬೇಕಾದರೆ, ಬೇರೇನನ್ನೂ ಬದಲಿಸದಿದ್ದಲ್ಲಿ, ಶಕ್ತಿ ಹದಿನಾರು ಪಟ್ಟು ಬೇಕು. ಗುರಿಯ ಕಾಣುವ ಗಾತ್ರ ಹದಿನಾರನೇ ಒಂದು ಪಾಲಾದರೆ ಕಾಣುವ ದೂರ ಅರ್ಧಕ್ಕೆ ಮಾತ್ರ ಇಳಿಯುತ್ತದೆ. 3 ಚದರ ಮೀಟರಿನಿಂದ 0.01ಕ್ಕೆ ಬಂದರೆ ಗಾತ್ರ 300 ಪಟ್ಟು ಕುಗ್ಗಿತು. 300ರ ನಾಲ್ಕನೇ ಮೂಲ ಸುಮಾರು 4.2. 400 ಅನ್ನು ಅದರಿಂದ ಭಾಗಿಸಿ ನೋಡಿ, ತಯಾರಕರ 90ರ ಹತ್ತಿರಕ್ಕೇ ಬರುತ್ತೀರಿ. ಈ ಒಂದು ಲೆಕ್ಕವನ್ನು ಓದುಗರ ಕೈಯಿಂದಲೇ ಮಾಡಿಸಿದರೆ, ರೇಡಾರಿಗೆ ಕಾಣದಂತೆ ವಿಮಾನದ ಮೈಯನ್ನು ರೂಪಿಸಲು ದೇಶಗಳು ಅಷ್ಟೊಂದು ಹಣ ಏಕೆ ಸುರಿಯುತ್ತವೆ ಎಂಬುದೂ, ಹಾಗೆ ರೂಪಿಸಿದರೂ ವಿಮಾನ ಪೂರ್ತಿ ಮಾಯವಾಗುವುದಿಲ್ಲ ಎಂಬುದೂ ಒಟ್ಟಿಗೇ ತಿಳಿಯುತ್ತವೆ.

ಅದೇ ಹೊಲದಲ್ಲಿ ಇನ್ನೊಂದು ಪಾಠವೂ ಇದೆ. ಪಕ್ಕದ ಹೊಲದ ಬದುವಿನ ಮೇಲೆ ಕತ್ತಲಲ್ಲಿ ನಿಂತವರಿಗೆ, ಬ್ಯಾಟರಿ ಹಿಡಿದವರು ಹಂದಿಯನ್ನು ಕಾಣುವುದಕ್ಕಿಂತ ಎಷ್ಟೋ ಮೊದಲು ಆ ಬ್ಯಾಟರಿಯ ಬೆಳಕು ಕಾಣುತ್ತದೆ, ಏಕೆಂದರೆ ಅವರಿಗೆ ಬೆಳಕು ಒಂದೇ ದಾರಿ ಬಂದರೆ ಸಾಕು. ರೇಡಾರ್ ಹಚ್ಚಿದ ವಿಮಾನದ ಇರವನ್ನು ರೇಡಾರ್ ಅಲೆ ಹಿಡಿದು ಎಚ್ಚರಿಸುವ ಎದುರಾಳಿಯ ವಾರ್ನಿಂಗ್ ರಿಸೀವರ್ ಹೀಗೆಯೇ ದೂರದಿಂದ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಶಕ್ತಿಯನ್ನು ಹಲವು ಕಂಪನಾಂಕಗಳ ಮೇಲೆ ತೆಳ್ಳಗೆ ಹರಡಿ, ಕ್ಷಣಕ್ಷಣಕ್ಕೂ ಅವನ್ನು ಬದಲಿಸಿ, ಎದುರಾಳಿಯ ಕಿವಿಗೆ ಬರೀ ಗದ್ದಲದಂತೆ ಕೇಳಿಸುವ ರೇಡಾರ್ ಇಂದು ಹೆಚ್ಚು ಬೆಲೆಯುಳ್ಳದ್ದು. ನಿಮ್ಮ ಕೋಷ್ಟಕದಲ್ಲಿ ಈ ಗುಣಕ್ಕೆ ಒಂದು ಕಾಲಮ್ಮೂ ಇಲ್ಲ.

ಒಂಬತ್ತನೇ ಪುಟದಲ್ಲಿ ನೀವು ಒಳ್ಳೆಯ ಪ್ರಶ್ನೆಯೊಂದನ್ನು ಎತ್ತಿ, ಒಂದೇ ಸಾಲಿನಲ್ಲಿ ಅದನ್ನು ಕೈಬಿಟ್ಟಿದ್ದೀರಿ. ನೆಲದ ಮೇಲೆ ದೊಡ್ಡ ದೊಡ್ಡ ರೇಡಾರ್‌ಗಳು ಇರುವಾಗ ವಿಮಾನದ ಇಕ್ಕಟ್ಟಾದ ಮೂತಿಯಲ್ಲಿ ಇನ್ನೊಂದು ಏಕೆ ಎಂಬುದು ಆ ಪ್ರಶ್ನೆ. ಅದಕ್ಕೆ ಉತ್ತರ ಬೀದರ್ ಊರಿನ ನಡುವೆಯೇ ನಿಂತಿದೆ. ಚೌಬಾರಾ ಗೋಪುರದ ಎತ್ತರ 71 ಅಡಿ, ಹಿಂದೆ ಕಾವಲಿನವರು ಅಲ್ಲಿಂದ ಸುತ್ತಲಿನ ಬಯಲನ್ನು ನೋಡುತ್ತಿದ್ದರು. ಅದರ ತುದಿಯಲ್ಲಿ ಜಗತ್ತಿನ ಅತ್ಯುತ್ತಮ ರೇಡಾರನ್ನು ಇಟ್ಟರೂ, ಸುತ್ತಲ ನೆಲ ಸಮತಟ್ಟಾಗಿದೆ ಎಂದುಕೊಂಡರೆ, ನೂರು ಮೀಟರ್ ಎತ್ತರದಲ್ಲಿ ಹಾರಿಬರುವ ವಿಮಾನ ಸುಮಾರು 60 ಕಿ.ಮೀ. ಒಳಗೆ ಬರುವವರೆಗೆ ಭೂಮಿಯ ಉಬ್ಬಿನ ಮರೆಯಲ್ಲೇ ಇರುತ್ತದೆ. ಅದೇ ರೇಡಾರ್ ಹತ್ತು ಸಾವಿರ ಮೀಟರ್ ಎತ್ತರದಲ್ಲಿದ್ದರೆ ಆ ಮರೆ 450 ಕಿ.ಮೀ. ಆಚೆಗೆ ಸರಿಯುತ್ತದೆ. ನಾನು ಚೌಬಾರಾದ ಹಿಂದಿನ ಓಣಿಯಲ್ಲೇ ಬೆಳೆದವನು, ಈ ಲೆಕ್ಕವನ್ನು ಮೊದಲ ಸಲ ಹಾಕಿದಾಗ ಕಾವಲುಗೋಪುರ ಎಂಬ ಮಾತಿನ ಅರ್ಥವೇ ನನಗೆ ಬೇರೆಯಾಗಿ ಕಂಡಿತ್ತು.

ಆದರೆ ಮೇಲಿನಿಂದ ಕೆಳಗೆ ನೋಡಿದ ಕೂಡಲೇ ಹೊಸದೊಂದು ಕಷ್ಟ ಹುಟ್ಟುತ್ತದೆ. ಫೈಟರ್ ರೇಡಾರಿನ ಅಲೆ ಸುಮಾರು 3 ಸೆಂ.ಮೀ. ಉದ್ದದ್ದು. 60 ಸೆಂ.ಮೀ. ಅಗಲದ ಆಂಟೆನಾದಿಂದ ಅದು ಹೊರಟರೆ, 100 ಕಿ.ಮೀ. ದೂರ ಹೋಗುವಷ್ಟರಲ್ಲಿ ಕಿರಣದ ಅಗಲ ಸುಮಾರು 6 ಕಿ.ಮೀ. ಆಗಿರುತ್ತದೆ. ಅಷ್ಟಗಲದ ಕಿರಣ ನೆಲಕ್ಕೆ ಬಡಿದರೆ ಗುಡ್ಡ, ಮನೆ, ಬೆಳೆ ಎಲ್ಲವೂ ಮಾರುಲಿಯುತ್ತವೆ, ಆ ಗದ್ದಲದಲ್ಲಿ ಒಂದು ಪುಟ್ಟ ವಿಮಾನದ ದನಿ ಮುಳುಗಿಹೋಗುತ್ತದೆ. ಅದನ್ನು ಹೆಕ್ಕಿ ತೆಗೆಯುವ ಉಪಾಯವೇ ನಿಮ್ಮ ಮಾಳಿಗೆಯ ಮೇಲೆ ನೀವು ಕೇಳಿದ ಸದ್ದು. ಹತ್ತಿರ ಬರುವಾಗ ಚೂಪು, ದೂರ ಸರಿಯುವಾಗ ದಪ್ಪ. ಇದೇ ಡಾಪ್ಲರ್ ಪರಿಣಾಮ. ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಪರಸ್ಪರ ಹತ್ತಿರವಾಗುತ್ತಿರುವ ವಿಮಾನಗಳಲ್ಲಿ, ಸೆಕೆಂಡಿಗೆ 1,000 ಕೋಟಿ ಸಲ ಕಂಪಿಸುವ ಅಲೆ ಮರಳುವಾಗ ಸುಮಾರು 20,000 ಕಂಪನಗಳಷ್ಟು ಹೆಚ್ಚಿರುತ್ತದೆ. ಹತ್ತು ಲಕ್ಷಕ್ಕೆ ಎರಡರಷ್ಟು ಮಾತ್ರವಾದ ಆ ವ್ಯತ್ಯಾಸವನ್ನು ಹಿಡಿದು, ನೆಲದ ಚಲನೆಗೆ ತಕ್ಕ ಮಾರುಲಿಯನ್ನೆಲ್ಲ ಸೋಸಿ ಎಸೆದು, ಉಳಿದದ್ದನ್ನು ರೇಡಾರ್ ವಿಮಾನವೆಂದು ಗುರುತಿಸುತ್ತದೆ. ಇದನ್ನು ತಿಳಿದ ಎದುರಾಳಿ ಪೈಲಟ್ ತನ್ನ ವಿಮಾನವನ್ನು ರೇಡಾರಿನ ದೃಷ್ಟಿಗೆ ಅಡ್ಡಲಾಗಿ ತಿರುಗಿಸಿಬಿಟ್ಟರೆ, ಹತ್ತಿರವಾಗುವ ವೇಗ ನೆಲದ ವೇಗಕ್ಕೆ ಸರಿಸಮವಾಗಿ, ಸೋಸುವ ಜರಡಿ ನೆಲದ ಜೊತೆಗೆ ಅವನನ್ನೂ ಎಸೆಯುವ ಸಾಧ್ಯತೆ ಇರುತ್ತದೆ. ಮೊದಲ ಪುಟದಲ್ಲಿ ನಿಮ್ಮ ಕಿವಿ ಹಿಡಿದದ್ದನ್ನು ನಿಮ್ಮ ಲೇಖನ ಮುಂದೆ ಮರೆತೇಬಿಟ್ಟಿದೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಸಂಗತಿ.

ಇನ್ನು ಏಸಾ (AESA) ಮತ್ತು ಪೇಸಾ (PESA) ಎಂಬ ಎರಡು ಬಗೆಯ ಆಂಟೆನಾಗಳ ಭಾಗ. ಅಲೆ ಹುಟ್ಟಿಸುವ ಭಾಗವನ್ನು ನೀರೆತ್ತುವ ಮೋಟಾರ್ ಎಂದುಕೊಳ್ಳಿ. ಪೇಸಾ ಎಂದರೆ ಒಂದೇ ಮೋಟಾರಿನ ನೀರನ್ನು ನೂರಾರು ಕಾಲುವೆಗಳಿಗೆ ಹಂಚುವ ತೋಟ. ಏಸಾ ಎಂದರೆ ಪ್ರತಿ ಪಾತಿಗೂ ತನ್ನದೇ ಪುಟ್ಟ ಮೋಟಾರ್ ಇರುವ ತೋಟ. ಎರಡರಲ್ಲಿಯೂ ಆಂಟೆನಾವನ್ನು ತಿರುಗಿಸದೆಯೇ ಕಿರಣವನ್ನು ಬಾಗಿಸಬಹುದು. ಆದರೆ ಏಸಾದಲ್ಲಿ ಹತ್ತಾರು ಮೋಟಾರ್ ಕೆಟ್ಟರೂ ತೋಟ ಒಣಗುವುದಿಲ್ಲ. ಇಷ್ಟು ಹೇಳಿದರೆ ಸಾಕಾಗಿರುವಲ್ಲಿ ನೀವು ಎರಡು ಪುಟ ಬರೆದಿದ್ದೀರಿ, ಅಲ್ಲಿ ತಪ್ಪುಗಳೂ ನುಸುಳಿವೆ. ಏಸಾ ಹೊತ್ತು ಸೇವೆಗೆ ಬಂದ ಮೊದಲ ಫೈಟರ್ ಎಫ್-22 ಅಲ್ಲ, 2005ರಲ್ಲಿ ಬಂದ ಅದಕ್ಕಿಂತ ಮೊದಲೇ ಜಪಾನಿನ ಎಫ್-2 ಬಂದಿತ್ತು. ನಮ್ಮ ಸುಖೋಯ್-30 ಎಂಕೆಐ ವಿಮಾನದ ಬಾರ್ಸ್ ರೇಡಾರ್ ಪೇಸಾ, ನೀವು ಬರೆದಂತೆ ಏಸಾ ಅಲ್ಲ. ನಮ್ಮ ರಫೇಲ್‌ನ ಆರ್‌ಬಿಇ2 ಏಸಾ ಎಂಬುದು ಸರಿ. ತೇಜಸ್‌ನ ಎಲ್ಲ ವಿಮಾನಗಳಲ್ಲಿಯೂ ಉತ್ತಮ್ ರೇಡಾರ್ ಇದೆ ಎಂಬುದು ತಪ್ಪು. ಮಾರ್ಕ್ 1 ಹೊತ್ತಿರುವುದು ಆಂಟೆನಾವನ್ನೇ ತಿರುಗಿಸಿ ನೋಡುವ ಇಸ್ರೇಲಿನ ಇಎಲ್ಎಂ-2032, ಮಾರ್ಕ್ 1ಎಗೆ ಮೊದಲು ಆಯ್ದದ್ದು ಇಸ್ರೇಲಿನದೇ ಆದ ಏಸಾ ರೇಡಾರ್ ಇಎಲ್ಎಂ-2052, ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ ಉತ್ತಮ್ ಆಮೇಲಿನ ವಿಮಾನಗಳಿಗೆ ಎಂಬುದು ಯೋಜನೆ. ಹೆಮ್ಮೆಪಡಬೇಕಾದ ಕೆಲಸದ ಬಗ್ಗೆ ಬರೆಯುವಾಗಲೇ ನಾವು ಹೆಚ್ಚು ಕರಾರುವಾಕ್ಕಾಗಿ ಇರಬೇಕು. ಕದಲದ ಏಸಾ ಆಂಟೆನಾ ಎದುರಿನಿಂದ ಎರಡೂ ಪಕ್ಕಕ್ಕೆ ಸುಮಾರು 60 ಡಿಗ್ರಿಯವರೆಗೆ ಮಾತ್ರ ಚೆನ್ನಾಗಿ ನೋಡಬಲ್ಲದು ಎಂಬ ಮಿತಿಯನ್ನೂ, ಸ್ವೀಡನ್ನಿನ ಗ್ರಿಪೆನ್ ಇ ಆ ಮಿತಿಯನ್ನು ದಾಟಲು ಓರೆಯಾಗಿ ಕೂರಿಸಿದ ಏಸಾ ಫಲಕವನ್ನೇ ತಿರುಗಿಸುತ್ತದೆ ಎಂಬುದನ್ನೂ ಸೇರಿಸಿ. ಅದು ನಿಜವಾದ ಹೋಲಿಕೆ, ಏಕೆಂದರೆ ಒಂದೇ ತೊಡಕನ್ನು ಬೇರೆ ಬೇರೆ ಎಂಜಿನಿಯರುಗಳು ಹೇಗೆ ಬಿಡಿಸಿದರು ಎಂಬುದನ್ನು ಅದು ತೋರಿಸುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. 'ಶತ್ರುವಿಮಾನವು ರಾಡಾರ್‌ನಿಂದ ಪತ್ತೆಹಚ್ಚಲ್ಪಡುತ್ತದೆ', 'ಸಕ್ರಿಯವಾಗಿ ವಿದ್ಯುನ್ಮಾನೀಯವಾಗಿ ಸ್ಕ್ಯಾನ್ ಮಾಡಲಾದ ವ್ಯೂಹ' ಎಂಬಂಥ ಸಾಲುಗಳ ಕೆಳಗೆಲ್ಲ ನಾನು ಗೆರೆ ಎಳೆದಿದ್ದೇನೆ. ಅಜ್ಜಿಯನ್ನೂ ಸಂಡಿಗೆಯನ್ನೂ ಬರೆದ ಕೈ ಇದಲ್ಲ. ರೇಡಾರ್ ಶತ್ರುವಿಮಾನವನ್ನು ಪತ್ತೆ ಹಚ್ಚುತ್ತದೆ, ಅಷ್ಟೇ. ಸಂಸ್ಕೃತದಿಂದ ಹೊಸ ಪದ ಕಟ್ಟಿ ಓದುಗರನ್ನು ತಡೆದು ನಿಲ್ಲಿಸುವ ಬದಲು ಏಸಾ ಎಂದೇ ಬರೆದು, ಮೊದಲ ಸಲ ಬಂದಾಗ ಅದು ಏನು ಮಾಡುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಜೊತೆಗೆ ರಾಡಾರ್, ರೇಡಾರ್, ರೆಡಾರ್ ಎಂಬ ಮೂರು ಕಾಗುಣಿತಗಳಲ್ಲಿ ಒಂದನ್ನು ಉಳಿಸಿಕೊಳ್ಳಿ.

ಕೋಷ್ಟಕವನ್ನು ಪೂರ್ತಿ ಬಿಡಿ, ಹನ್ನೊಂದು ವಿಮಾನಗಳ ಬದಲು ಸುಖೋಯ್, ರಫೇಲ್, ತೇಜಸ್ ಮತ್ತು ಹೊರಗಿನ ಒಂದೆರಡು ಸಾಕು. ಮಾಳಿಗೆಯ ಸದ್ದಿನಿಂದ ಹೊರಟು, ಹಾಕ್‌ನಲ್ಲಿ ರೇಡಾರ್ ಇಲ್ಲವೆಂಬುದನ್ನು ನೀವೇ ಹೇಳಿ, ಬ್ಯಾಟರಿ, ಚೌಬಾರಾ, ಡಾಪ್ಲರ್ ದಾರಿಯಾಗಿ ಆಂಟೆನಾಗಳಿಗೆ ಬನ್ನಿ. ಈ ಕ್ರಮ ಬೇಡವೆನಿಸಿದರೆ ನಿಮ್ಮದೇ ಕ್ರಮ ಇರಲಿ, ಆದರೆ ಪ್ರತಿ ಕಿಲೋಮೀಟರಿನ ಪಕ್ಕದಲ್ಲಿ ಅದು ಯಾವ ಗಾತ್ರದ ಗುರಿಗೆ ಹೇಳಿದ್ದು ಎಂಬುದು ಇರಲೇಬೇಕು. ಇನ್ನೊಂದು ಸಂಗತಿಯನ್ನು ಕೊನೆಗೆ ಎರಡು ಪ್ಯಾರಾದಲ್ಲಿ ಸೇರಿಸಿ: ಇಂದಿನ ಫೈಟರ್ ಒಂಟಿಯಾಗಿಯೇ ನೋಡಬೇಕಾಗಿಲ್ಲ, ನೇತ್ರದಂಥ ಕಾವಲು ವಿಮಾನ ದೂರದಿಂದ ಕಂಡದ್ದನ್ನು ಡೇಟಾ ಲಿಂಕ್ ಮೂಲಕ ಪಡೆದು, ತನ್ನ ರೇಡಾರನ್ನು ಬಂದ್ ಮಾಡಿಕೊಂಡೇ ಮುಂದುವರಿಯಬಲ್ಲದು.

ಒಟ್ಟು 1,800 ಪದಗಳ ಒಳಗೆ ಮುಗಿಸಿ, ಒಂದೂವರೆ ತಿಂಗಳಲ್ಲಿ ಕಳುಹಿಸಿದರೆ ಮುಂದಿನ ವಿಜ್ಞಾನ ಸಂಚಿಕೆಗೆ ಜಾಗ ಕಾದಿರಿಸುತ್ತೇನೆ. ಕಿರಣ ನೆಲಕ್ಕೆ ಬಡಿಯುವ ಚಿತ್ರವನ್ನು ನೀವೇ ಕೈಯಿಂದ ಬರೆದು ಕಳುಹಿಸಿ, ನಮ್ಮ ಕಲಾವಿದರು ಅದನ್ನು ತಿದ್ದಿ ಕೊಡುತ್ತಾರೆ. ಪೆನ್ಸಿಲ್ ಗುರುತುಗಳಿರುವ ನಿಮ್ಮ ಪ್ರತಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಮೊದಲ ಪುಟದ ಅಜ್ಜಿಯ ಪ್ಯಾರಾದ ಮೇಲೆ ಒಂದೂ ಗುರುತು ಇಲ್ಲ, ಅದನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಿ.